ಪ್ರಭಾಳ ಉಳ್ಳಾಗಡ್ಡಿ ತಾಟು

ಪ್ರಭಾ ನನ್ನ ಬೀಗತಿ. ಆಕೆಯ ಮಗ ಅರವಿಂದನಿಗೆ ನನ್ನ ಮಗಳು ಆರತಿಯನ್ನು ಕೊಟ್ಟಿದೆ. ಆಕೆಯ ಊರು ಮೈಸೂರು. ಡಾಕ್ಟರ್ ಗಂಡನ ಹಿಂದೆ ಅಮೆರಿಕಕ್ಕೆ ಬಂದು ಪಾಲೋ ಆಲ್ಟೋದಲ್ಲಿ ಮನೆ ಮಾಡಿದಳು. ಅವತ್ತಿನಿಂದ ಇವತ್ತಿನವರೆಗೆ ಮಾಡಿದ ಕೆಲಸವೆಂದರೆ ಆ ಮನೆಯನ್ನು ಒರೆಸಿದ್ದು. ಒರೆಸಿದ್ದನ್ನೇ ಒರೆಸುತ್ತಾಳೆ. ಬಂದವರು ಚಪ್ಪಲಿ ಹಾಕಿಕೊಳ್ಳುವುದರೊಳಗೆ ಅವರು ಕೂತ ಸೋಫಾ ಒರೆಸಿರುತ್ತಾಳೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಆ ಮನೆಯ ಹೊಸ್ತಿಲು ದಾಟಿಲ್ಲ. ನನ್ನನ್ನು ಈರವ್ವ ಅನ್ನಲು ಆಕೆಗೆ ನಾಲಿಗೆ ಹೊರಳುವುದಿಲ್ಲ. ಈರಮ್ಮ ಅನ್ನುತ್ತಾಳೆ. ನಮ್ಮಪ್ಪ ಇಟ್ಟ ಹೆಸರನ್ನೂ ಒರೆಸಿದ ಹಾಗೆ.

ಇಲ್ಲಿ ಯಾರಾದರೂ ಸತ್ತರೆ ಮನೆ ಬಾಗಿಲು ತೆಗೆದಿಟ್ಟು ಒಳಗಿನ ಸಾಮಾನು ಮಾರುತ್ತಾರೆ. ಸತ್ತವನ ಕೋಟು, ಚಮಚ, ಹಾಸಿಗೆ, ಎಲ್ಲದಕ್ಕೂ ಚೀಟಿ ಅಂಟಿಸಿರುತ್ತಾರೆ. ಶನಿವಾರ ಬಂದರೆ ಪ್ರಭಾ ಅಲ್ಲಿ. ಹಾಗೇ ಒಬ್ಬ ಮುದುಕ ಪ್ರೊಫೆಸರ್ ಸತ್ತ ಮನೆಯಿಂದ ಹನ್ನೆರಡು ಪಿಂಗಾಣಿ ತಾಟು ತಂದಳು. ಬಿಳಿ ತಾಟು, ನೀಲಿ ಚಿತ್ರ. ನಡುವೆ ಬಿದಿರು, ಅದಕ್ಕೆ ಸುತ್ತಿಕೊಂಡ ಹೂವು, ಅಂಚಿಗೆ ಗುಂಡು ಗುಂಡಗೆ ಹಣ್ಣು. ಎಲುಬಿನ ಪುಡಿ ಕಲಸಿದ ಪಿಂಗಾಣಿ ಅಲ್ಲ ತಾನೇ ಎಂದು ಮಾರುವವಳ ಜೀವ ತಿಂದಳಂತೆ. ಸತ್ತವನು ಅದರಲ್ಲಿ ಏನು ತಿಂದಿದ್ದ ಎಂದು ಕೇಳಲಿಲ್ಲ.

ನವರಾತ್ರಿಯಲ್ಲಿ ನಮ್ಮನ್ನೆಲ್ಲ ಊಟಕ್ಕೆ ಕರೆದಳು. ಆಗ ನಮ್ಮ ಯಜಮಾನರು ಅಡಿವೆಪ್ಪ ಇದ್ದರು. ಬಾಗಲಕೋಟೆಯಲ್ಲಿ ಬಸ್ ಕಂಡಕ್ಟರ್ ಆಗಿ ದುಡಿದವರು. ಇಲ್ಲೇ ಹತ್ತಿರ ಸನ್ನಿವೇಲ್‌ನಲ್ಲಿ ಮಗಳ ಮನೆಗೆ ಬಂದು ಇದ್ದೆವು.

"ಇದು ಚೈನಾ ಮಾಲಲ್ಲ," ಪ್ರಭಾ ತಾಟು ಎತ್ತಿ ತೋರಿಸಿದಳು. "ಜರ್ಮನೀದು. ಕೈಯಲ್ಲೇ ಬರೆದಿರೋದು. ಯುರೋಪಿನವರ ಟೇಸ್ಟೇ ಬೇರೆ ಬಿಡಿ."

ಆರತಿಯ ಗೆಳತಿ ವಿಭಾ ಊಟಕ್ಕೆ ಬಂದಿದ್ದಳು. "ಆಂಟಿ, ಇದು ಬ್ಲೂ ಆನಿಯನ್ ಅಲ್ವಾ? ನಮ್ಮ ಮ್ಯಾನೇಜರು ಜರ್ಮನ್. ಅವರ ಮನೇಲೂ ಇದೆ."

"ಏನು ಆನಿಯನ್ನು?"

"ಅಂಚಲ್ಲಿ ಇದೆಯಲ್ಲ, ಅದನ್ನ ಈರುಳ್ಳಿ ಅಂತಾರೆ. ಮೊದಲು ಚೈನಾದ ತಟ್ಟೆಗಳಲ್ಲಿ ದಾಳಿಂಬೆ ಬರೀತಿದ್ರಂತೆ. ಅದನ್ನ ನೋಡ್ಕೊಂಡು ಜರ್ಮನಿಯವರು ಬರೆದ್ರು. ಅವರ ಊರಲ್ಲಿ ದಾಳಿಂಬೆ ಎಲ್ಲಿ ಕಂಡಿದ್ರು? ನೋಡಿದ ಜನ ಈರುಳ್ಳಿ ಅಂದ್ರು. ಡಿಸೈನೆಲ್ಲ ಚೈನಾದ್ದೇ ಆಂಟಿ."

ಪ್ರಭಾಳ ಕೈ ನಿಂತಿತು. ದೇವರ ಊಟ, ಈರುಳ್ಳಿಯ ಮೇಲೆ ಕೋಸಂಬರಿ. ಬಡಿಸಿದ್ದನ್ನೆಲ್ಲ ತೆಗೆದು ಕಾಗದದ ಪ್ಲೇಟಿಗೆ ಹಾಕಿದಳು. ಚಿತ್ರದ ಉಳ್ಳಾಗಡ್ಡಿಗೆ ಹೆದರಿದ ಹೆಂಗಸನ್ನು ನಾನು ಅವತ್ತೇ ನೋಡಿದ್ದು.

ನಮ್ಮವರಿಗೆ ನಗು ತಡೆಯಲಿಲ್ಲ. "ಅಕ್ಕಾರ, ನಮ್ಮ ಬಸ್ಸಿನ ಮ್ಯಾಲ ಉಳ್ಳಾಗಡ್ಡಿ ಚೀಲ ಹೇರಿ ಹೇರಿ ಸಾಕಾಗೇತಿ ನನಗ. ಇದು ಉಳ್ಳಾಗಡ್ಡಿ ಅಲ್ಲ ಬಿಡ್ರಿ. ಇದನ್ನ ಬರದಾಂವ ದಾಳಿಂಬರಿನೂ ಕಂಡಿಲ್ಲ, ಉಳ್ಳಾಗಡ್ಡಿನೂ ಕಂಡಿಲ್ಲ."

"ನಗಬೇಡಿ. ಎಲ್ಲ ಗ್ಯಾರೇಜಿಗೆ ಹೋಗುತ್ತೆ."

"ಒಂದು ನನಗ ಕೊಡ್ರಿ. ರೊಟ್ಟಿ ಉಣ್ಣಾಕ ಛಲೋ ಆಗತೈತಿ."

"ತಗೊಳ್ಳಿ. ನಿಮಗೆ ಹೇಗೂ ಅಭ್ಯಾಸ ಇದೆಯಲ್ಲ."

ಅಭ್ಯಾಸ ಇತ್ತು. ದಿನಾ ಅದೇ ತಾಟು, ಜೋಳದ ರೊಟ್ಟಿ, ಮಗ್ಗುಲಲ್ಲಿ ಗುದ್ದಿ ಒಡೆದ ಹಸಿ ಉಳ್ಳಾಗಡ್ಡಿ. ಅಂಚಿನ ಒಂದು ಹಣ್ಣಿನಲ್ಲಿ ಬಣ್ಣ ಕದಡಿ ನೀಲಿ ಮಸಿಯಾಗಿತ್ತು. "ಇಲ್ಲಿಗೆ ಬರೂದರಾಗ ಬರದಾಂವಗ ನಿದ್ದಿ ಬಂದೈತಿ ನೋಡು," ಅನ್ನುತ್ತಿದ್ದರು. ಉಳ್ಳಾಗಡ್ಡಿಯನ್ನು ಸರಿಯಾಗಿ ಆ ಮಸಿಯ ಮೇಲೇ ಇಟ್ಟುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಪ್ರಭಾ ಊಟದ ಡಬ್ಬಿ ಕಳಿಸಿದಳು. ಅದನ್ನು ಮರೆತಿಲ್ಲ. ಸಪ್ಪಗಿತ್ತು, ಅದನ್ನೂ ಮರೆತಿಲ್ಲ. ಅವರು ಹೋದ ದಿನ ಬಂದು ಕಾರಿನ ಪಕ್ಕ ನಿಂತಳು. "ಸೂತಕ ನೋಡಿ, ನಮ್ಮನೇಲಿ ದೇವರಿದ್ದಾನೆ," ಅಂದಳು. ನಮ್ಮ ಜಾತಿಯಲ್ಲಿ ಸೂತಕ ಇಲ್ಲ. ಒಳಗೆ ಬರದೆ, ನೀರೂ ಮುಟ್ಟದೆ ಹೋದಳು. ಪ್ರೊಫೆಸರ್ ಸತ್ತ ಮನೆಯಲ್ಲಿ ಮಾತ್ರ ಅಡುಗೆಮನೆವರೆಗೂ ನಡೆದಿದ್ದಳು.

ಆಮೇಲೆ ಆಕೆಗೆ ಯಾರೋ ಹೇಳಿದರು, ಕೈಯಲ್ಲಿ ಬರೆದ ಹಳೆಯ ತಾಟಿಗೆ ದೊಡ್ಡವರ ಮನೆಯಲ್ಲಿ ಬಹಳ ಮರ್ಯಾದೆ ಎಂದು. ಗ್ಯಾರೇಜಿನಲ್ಲಿದ್ದವು ಗಾಜಿನ ಕಪಾಟಿಗೆ ಬಂದವು. ಬಂದವರಿಗೆಲ್ಲ ದಾಳಿಂಬೆ ಸೆಟ್ಟು ಎಂದು ತೋರಿಸಿದಳು. ಆದರೆ ಹನ್ನೊಂದೇ ಇದ್ದವು. ನನಗೆ ಫೋನ್ ಮಾಡಿದಳು.

"ಈರಮ್ಮ, ಆ ತಟ್ಟೆ ವಾಪಸು ಬೇಕಿತ್ತು. ಸೆಟ್ಟು ಅಂದ್ರೆ ಪೂರ್ತಿ ಇರಬೇಕು. ಅಡಿವೆಪ್ಪನವರೂ ಇಲ್ಲ, ಇನ್ನು ನಿಮಗೇನು ಉಪಯೋಗ?"

ಅವರ ಬಟ್ಟೆ ದಾನಕ್ಕೆ ಕೊಟ್ಟಿದ್ದೆವು. ಕನ್ನಡಕ ಕೊಟ್ಟಿದ್ದೆವು. ದಿನಾ ಅವರ ಕೈ ತಾಗಿದ್ದರಲ್ಲಿ ಉಳಿದದ್ದು ಆ ತಾಟೊಂದೇ. ಕೊಡುವುದಿಲ್ಲ ಅಂದೆ.

"ಅವ್ವಾ, ಒಂದು ತಾಟಿನ ಸಲುವಾಗಿ ನನ್ನ ಅತ್ತಿ ಕೂಡ ಜಗಳ ತರಬ್ಯಾಡ," ಆರತಿ ಅತ್ತಳು. "ಕೊಟ್ಟಬಿಡು."

ಇರುವುದು ಮಗಳ ಮನೆಯಲ್ಲಿ. ವರ್ಷದ ಪೂಜೆ ಮುಗಿಯಲಿ, ಕೊಡುತ್ತೇನೆ ಅಂದೆ.

ಪೂಜೆಯ ದಿನ ಪ್ರಭಾ ಕೈಚೀಲದಲ್ಲಿ ತಾಟು ಸುತ್ತಲು ಪ್ಲಾಸ್ಟಿಕ್ ಇಟ್ಟುಕೊಂಡೇ ಬಂದಳು. ನಾನು ಫೋಟೋದ ಮುಂದೆ ಎಡೆ ಇಟ್ಟಿದ್ದೆ. ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಗುದ್ದಿದ ಉಳ್ಳಾಗಡ್ಡಿ. ಅವರಿಗೆ ಬೇರೆ ತಾಟಿನಲ್ಲಿ ಇಡಬೇಕೆಂದು ನನಗೆ ಹೊಳೆಯಲೇ ಇಲ್ಲ.

"ಪೂಜೆ ಆಯ್ತಲ್ಲ?"

"ಆತ್ರಿ. ತೊಗೊಂಡ ಹೋಗ್ರಿ." ಮಾತು ಕೊಟ್ಟಿದ್ದೆ.

ಪ್ರಭಾ ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. "ಇದರಲ್ಲೇ ಎಡೆ ಇಟ್ರಾ? ಸತ್ತವರ ಎಡೆ ಇಟ್ಟಿದ್ದನ್ನ ನಾನು ಮನೆಗೆ ಹೇಗೆ... ಅದೂ ಹಸಿ ಈರುಳ್ಳಿ!"

"ಪ್ರೊಫೆಸರನೂ ಸತ್ತಾಂವ ಅಲ್ಲೇನ್ರಿ ಅಕ್ಕಾರ? ಉಳದ ಹನ್ನೊಂದರಾಗ ಉಂಡಾಂವ?"

"ಅವ್ವಾ!" ಅಂದಳು ಆರತಿ. ಅರವಿಂದ ಕಿಟಕಿ ಕಡೆ ತಿರುಗಿ ನಿಂತ. ಅವನ ಭುಜ ಕುಣಿಯುತ್ತಿತ್ತು.

ಪ್ರಭಾ ಪ್ಲಾಸ್ಟಿಕ್ ಮಡಚಿ ಚೀಲಕ್ಕೆ ಹಾಕಿದಳು. "ಇಟ್ಕೊಳ್ಳಿ," ಅಂದು ಹೋದಳು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿದಳಂತೆ. ಕಪಾಟಿನಲ್ಲಿ ಹನ್ನೆರಡನೇ ಜಾಗಕ್ಕೆ ಬೆಳ್ಳಿ ಗಣಪತಿ ಕೂರಿಸಿದ್ದಾಳೆ. ಅವನ ಆಚೆ ಈಚೆ ಉಳ್ಳಾಗಡ್ಡಿ. ಕೂತಿರಲಿ.

ನಾನು ಈಗ ಅದೇ ತಾಟಿನಲ್ಲಿ ಉಣ್ಣುತ್ತೇನೆ. ಹಸಿ ಉಳ್ಳಾಗಡ್ಡಿ ನನಗೆ ಮೊದಲಿಂದಲೂ ಸೇರುವುದಿಲ್ಲ. ಆದರೂ ಒಂದು ಗುದ್ದಿ ಆ ಮಸಿಯ ಮೇಲೆ ಇಟ್ಟುಕೊಂಡೇ ಕೂರುತ್ತೇನೆ.