ಹಿಮದ ಗುಡ್ಡಕ್ಕೆ ಕ್ಲಚ್ಚು ಕೊಂಡುಹೋದದ್ದು

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ ಆರೂಕಾಲಿಗೆ ಕೊಲಂಬಿಯಾ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟೆವು. ಸೋಮವಾರದ ರಜೆಯೂ ಸೇರಿ ಮೂರು ದಿನ ಬಿಡುವಿತ್ತು. ಪರಿಚಯದ ಕನ್ನಡದವರಲ್ಲಿ ಒಬ್ಬರು ಫ್ಲಾರಿಡಾಕ್ಕೆ, ಇನ್ನೊಬ್ಬರು ಅಲ್ಫರೆಟಾದ ಅಣ್ಣನ ಮನೆಗೆ, ಅಂತೂ ಎಲ್ಲರೂ ಬಿಸಿಲಿರುವ ಕಡೆಗೇ ಹೋಗಿದ್ದರು. ನಾವಿಬ್ಬರು ಮಾತ್ರ ಇರುವ ಚಳಿ ಸಾಲದೆಂದು ಪಶ್ಚಿಮದ ಬೆಟ್ಟಗಳ ಕಡೆ ಹೊರಟಿದ್ದೆವು. ನೂರ ಅರವತ್ತೈದು ಮೈಲಿ. ಹಿಂದಿನ ಸೀಟಿನಲ್ಲಿ ಚಿತ್ರಾನ್ನ, ಮೊಸರನ್ನ ಮತ್ತು ಎರಡು ಕಂಬಳಿ. ನನ್ನ ತೊಡೆಯ ಮೇಲೆ ಒಂದು ಬಿಸ್ಕತ್ತಿನ ಡಬ್ಬ, ಅದರೊಳಗೆ ಟವೆಲ್ಲಿನಲ್ಲಿ ಸುತ್ತಿದ ಉಕ್ಕಿನ ತುಂಡುಗಳು ಮತ್ತು ಎರಡು ಸ್ಪ್ರಿಂಗು. ಹಸುಗೂಸನ್ನು ಹಿಡಿದಂತೆ ಹಿಡಿದುಕೊಳ್ಳಬೇಕೆಂದು ಅಪ್ಪಣೆಯಾಗಿತ್ತು.

ಅಪ್ಪಣೆ ಮಾಡಿದವರು ನಮ್ಮವರು, ಶ್ರೀಧರ. ಓದಿದ್ದು ಮೆಕ್ಯಾನಿಕಲ್. ಮೈಸೂರಿನ ಕಾರ್ಖಾನೆಯೊಂದರಲ್ಲಿ ಏಳು ವರ್ಷ ಲೇತು, ಗೇರು ಎಂದುಕೊಂಡು ಸುಖವಾಗಿದ್ದವರು, ಎಲ್ಲರಂತೆ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಕೋಬಾಲ್ ಕಲಿತು ಇಲ್ಲಿಗೆ ಬಂದರು. ಬ್ಯಾಂಕೊಂದರ ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಯನ್ನು ನಾಲ್ಕಂಕಿ ಮಾಡುವುದು ಅವರ ಕೆಲಸ. ಎರಡು ಸಾವಿರದ ಇಸವಿ ಬರುವಷ್ಟರಲ್ಲಿ ಅದು ಮುಗಿಯಬೇಕು. ನಾನು ಮೈಸೂರಿನ ಕಾಲೇಜಿನಲ್ಲಿ ಒಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು. ಇಲ್ಲಿ ನನ್ನ ವೀಸಾದ ಮೇಲೆ ಕೆಲಸ ಮಾಡುವ ಹಾಗಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಕಲಿತ ವಿದ್ಯೆ ಇಬ್ಬರದೂ ಅಟ್ಟ ಸೇರಿತ್ತು.

ಅವರದು ಅಟ್ಟದಿಂದ ಇಳಿದದ್ದು ಹಿಂದಿನ ಚಳಿಗಾಲದಲ್ಲಿ. ಆಫೀಸಿನವರೊಂದಿಗೆ ಇದೇ ಬೆಟ್ಟಗಳಿಗೆ ಬಂದು ಸ್ನೋಮೊಬೈಲ್ ಹತ್ತಿದ್ದರು. ಅದು ಹಿಮದ ಮೇಲೆ ಓಡುವ ಸ್ಕೂಟರು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಉಳುವಂತೆ ತಿರುಗುವ ಅಗಲವಾದ ರಬ್ಬರು ಪಟ್ಟಿ. ಗೇರಿಲ್ಲ. ಹಿಟ್ಟಿನ ಗಿರಣಿಯಲ್ಲಿರುವ ಹಾಗೆ ಎರಡು ಗಾಲಿಗಳ ನಡುವೆ ಬೆಲ್ಟು ಓಡುತ್ತದೆ. ಎಂಜಿನ್ ಜೋರಾದಂತೆ ಒಳಗಿನ ಪುಟ್ಟ ಭಾರಗಳು ಹೊರಕ್ಕೆ ಚಿಮ್ಮಿ ಗಾಲಿಯನ್ನು ಒತ್ತುತ್ತವೆ, ಬೆಲ್ಟು ಮೇಲೇರುತ್ತದೆ. ಇದನ್ನೇ ಆ ಗಾಡಿಯವರು ಕ್ಲಚ್ಚು ಎನ್ನುತ್ತಾರೆ. ಭಾರ ಸರಿಯಾಗಿದ್ದರೆ ಗಾಡಿ ಉಸಿರು ಕಟ್ಟದೆ ಗುಡ್ಡ ಹತ್ತುತ್ತದೆ. ಕಂಪನಿ ಕೊಟ್ಟದ್ದು ಸಾಲದು ಎನ್ನುವವರಿಗೆ ಬೇರೆ ಭಾರ, ಬೇರೆ ಸ್ಪ್ರಿಂಗು ಇರುವ ಕಿಟ್ಟುಗಳನ್ನು ಅಂಗಡಿಗಳಲ್ಲಿ ಮಾರುತ್ತಾರೆ. ಅವು ನಿಜವಾಗಿ ಕೆಲಸ ಮಾಡುತ್ತವೆಯೇ ಎಂಬ ಬಗ್ಗೆ ಅಲ್ಲಿಯ ಅಂಥದೊಂದು ಅಂಗಡಿಯ ಯಜಮಾನ ಅರ್ಲ್ ಎಂಬಾತನೊಂದಿಗೆ ನಮ್ಮವರು ಎರಡು ಗಂಟೆ ವಾದ ಮಾಡಿ, ಕೊನೆಗೆ, "ಇದಕ್ಕಿಂತ ಒಳ್ಳೇದನ್ನ ನಾನೇ ಮಾಡ್ತೀನಿ" ಎಂದು ಬಂದುಬಿಟ್ಟರು.

ಮಾಡಿದರು ಕೂಡ. ವರ್ಷವಿಡೀ ವಾರಕ್ಕೆರಡು ಸಂಜೆ ಕಮ್ಯುನಿಟಿ ಕಾಲೇಜಿನ ವರ್ಕ್‌ಶಾಪಿಗೆ ಸೇರಿ ಭಾರಗಳನ್ನು ಕಡೆದರು. ಅಡುಗೆಮನೆಯ ಮೇಜಿನ ಮೇಲೆ ಲೆಕ್ಕದ ಹಾಳೆಗಳು ಬಿದ್ದಿರುತ್ತಿದ್ದವು. ಅರ್ಲ್‌ನ ಸೋದರಸಂಬಂಧಿ ಮಿನ್ನೆಸೋಟಾದಲ್ಲಿ ಇಂಥ ಬಿಡಿಭಾಗಗಳ ಸಣ್ಣ ಕಾರ್ಖಾನೆ ಇಟ್ಟಿದ್ದ. ಅವನಿಗೆ ಒಬ್ಬ ಎಂಜಿನಿಯರ್ ಬೇಕಿತ್ತು. "ನಿನ್ನ ಕಿಟ್ಟು ನನ್ನ ಗುಡ್ಡವನ್ನು ಬೇಗ ಹತ್ತಿಸಿದರೆ ಅವನಿಗೆ ಫೋನ್ ಮಾಡುತ್ತೇನೆ" ಎಂದು ಅರ್ಲ್ ಮಾತು ಕೊಟ್ಟಿದ್ದ. ನಾವು ಹೊರಟದ್ದು ಆ ಒಂದು ಫೋನಿಗಾಗಿ.

ಫ್ರೆಡರಿಕ್ ದಾಟುವಾಗ ಬೆಳಕಾಯಿತು. ಹ್ಯಾಗರ್ಸ್‌ಟೌನಿನಲ್ಲಿ ಪೆಟ್ರೋಲು ಹಾಕಿಸಿದೆವು, ಗ್ಯಾಲನ್ನಿಗೆ ಒಂದು ಡಾಲರು ಎಂಟು ಸೆಂಟು. ಕಂಬರ್‌ಲೆಂಡ್ ದಾಟಿದ ಮೇಲೆ ರಸ್ತೆ ಏರುತ್ತಲೇ ಹೋಯಿತು. ಅಲ್ಲಿಯವರೆಗೆ ಕಂದು ಬಣ್ಣಕ್ಕಿದ್ದ ಗುಡ್ಡಗಳು ಫ್ರಾಸ್ಟ್‌ಬರ್ಗ್ ಆಚೆ ಒಮ್ಮೆಲೇ ಬೆಳ್ಳಗಾದವು. ದಾರಿಯುದ್ದಕ್ಕೂ ನಮ್ಮವರು ಬೆಲ್ಟು, ಕೋನ, ಸ್ಪ್ರಿಂಗು ಎಂದು ಮಾತಾಡುತ್ತಲೇ ಇದ್ದರು. ಅರ್ಧಕ್ಕರ್ಧ ನನಗೆ ಅರ್ಥವಾಗಲಿಲ್ಲ, ಆದರೆ ಕೇಳಲು ಹಿತವಾಗಿತ್ತು. ಕೋಬಾಲ್ ಬಗ್ಗೆ ಅವರು ಹತ್ತು ನಿಮಿಷ ಮಾತಾಡಿದ್ದನ್ನೂ ನಾನು ಕೇಳಿಲ್ಲ.

ಹತ್ತೂವರೆಗೆ ಅರ್ಲ್‌ನ ಅಂಗಡಿ ತಲುಪಿದೆವು. ಬೆಟ್ಟಗಳ ನಡುವಿನ ಒಂದು ಸರೋವರದಿಂದ ಎರಡು ಮೈಲಿ ಆಚೆ, ತಗಡಿನ ಶೆಡ್ಡು. ಆತನಿಗೆ ಅರವತ್ತು ದಾಟಿತ್ತು. ಕೈಯಲ್ಲಿ ಗ್ರೀಸು, ಮಾತು ಕಡಿಮೆ. ಡಬ್ಬ ಬಿಚ್ಚಿ ಭಾರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, "ನುಣುಪು ಚೆನ್ನಾಗಿದೆ" ಎಂದ. ಮದುವೆಯ ದಿನ ಕೂಡ ನಮ್ಮವರು ಅಷ್ಟು ನಾಚಿರಲಿಲ್ಲ.

ಪರೀಕ್ಷೆಯ ಗುಡ್ಡ ಶೆಡ್ಡಿನ ಹಿಂದೆಯೇ ಇತ್ತು. ಕರೆಂಟಿನ ಕಂಬಗಳು ಹೋಗಲೆಂದು ಮರ ಕಡಿದು ಬಿಟ್ಟ ನೇರವಾದ ಏರು. ಕೆಳಗೊಂದು ಕಂಬಕ್ಕೆ, ಮೇಲೊಂದು ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿದರು. ಗಾಡಿ ಓಡಿಸುವವನು ಅರ್ಲ್, ಸ್ಟಾಪ್‌ವಾಚ್ ಮತ್ತು ನೋಟುಬುಕ್ಕು ನನ್ನ ಕೈಗೆ. ಮೊದಲು ಕಂಪನಿಯ ಕ್ಲಚ್ಚಿನಲ್ಲೇ ಮೂರು ಸಲ ಹತ್ತಿಸಿದ್ದಾಯಿತು. ಮಧ್ಯಾಹ್ನದ ಬಿಸಿಲಿಗೆ ಹಿಮ ಮೆತ್ತಗಾಗಿ ನನ್ನ ಬೂಟು ಪೂರ್ತಿ ಹೂತುಕೊಳ್ಳುತ್ತಿತ್ತು. ನಲವತ್ತೊಂದು ಸೆಕೆಂಡು, ನಲವತ್ತೆರಡು, ನಲವತ್ತೊಂದು. ಬರೆದುಕೊಂಡೆ.

ಆಮೇಲೆ ಕ್ಲಚ್ಚು ಬಿಚ್ಚಿ ಹೊಸ ಭಾರ, ಸ್ಪ್ರಿಂಗು ಕೂರಿಸುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ನಡುವೆ ಚಿತ್ರಾನ್ನ ಹಂಚಿದೆ. ಅರ್ಲ್ ಕಡಲೆಬೀಜ ಮಾತ್ರ ಆರಿಸಿಕೊಂಡು ತಿಂದು, ಉಳಿದದ್ದನ್ನು ಮರ್ಯಾದೆಯಿಂದ ಮುಚ್ಚಿಟ್ಟ. ಮೂರೂವರೆಗೆ ಗಾಡಿ ಮತ್ತೆ ಹತ್ತಿತು. ಮೂವತ್ತೇಳು. ಇನ್ನೊಮ್ಮೆ, ಮೂವತ್ತಾರು. ಮತ್ತೊಮ್ಮೆ, ಮೂವತ್ತೇಳು.

ಅರ್ಲ್ ಹೆಲ್ಮೆಟ್ ತೆಗೆದು ನನ್ನ ನೋಟುಬುಕ್ಕು ಇಣುಕಿ ನೋಡಿದ. ಕೈಗವಸು ಕಳಚಿ ನಮ್ಮವರ ಕೈ ಕುಲುಕಿದ. "ನಾಲ್ಕೈದು ಸೆಕೆಂಡು! ನಾನು ಮಾರುವ ಯಾವ ಕಿಟ್ಟೂ ಇಷ್ಟು ಮಾಡಿಲ್ಲ. ಮಂಗಳವಾರ ಫೋನ್ ಮಾಡುತ್ತೇನೆ" ಎಂದ. ನಮ್ಮವರು ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ನಾಲ್ಕು ವರ್ಷದಿಂದ ನೋಡಿರಲಿಲ್ಲ. ಮೈಸೂರಿನಲ್ಲಿ ಕಾರ್ಖಾನೆಯಿಂದ ಎಣ್ಣೆ ಮೆತ್ತಿದ ಅಂಗಿಯಲ್ಲಿ ಬರುತ್ತಿದ್ದರಲ್ಲ, ಆ ಮನುಷ್ಯ ವಾಪಸು ಬಂದಿದ್ದರು. ನನಗೆ ತುಂಬ ಸಂತೋಷವಾಯಿತು.

ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿ ತರೋಣವೆಂದು ಕಾರಿನ ಕಡೆ ನಡೆದೆ. ನಾಲ್ಕು ಹೆಜ್ಜೆ ಹಾಕಿದ ಮೇಲೆ ನಿಂತೆ. ಬೂಟು ಹೂತುಕೊಳ್ಳುತ್ತಿರಲಿಲ್ಲ. ಸೂರ್ಯ ಗುಡ್ಡದ ಹಿಂದೆ ಸರಿದು ನೆರಳು ಬಿದ್ದಿತ್ತು, ಹಿಮ ಗಟ್ಟಿಯಾಗಿ ಕಾಲ ಕೆಳಗೆ ಕಿರ್ರೆನ್ನುತ್ತಿತ್ತು. ಗಾಡಿ ಹತ್ತಿ ಇಳಿದ ದಾರಿಯಂತೂ ರೋಲರ್ ಉರುಳಿಸಿದಂತೆ ಬಿಗಿದಿತ್ತು. ಆ ಐದು ಸೆಕೆಂಡು ಕ್ಲಚ್ಚಿನದೋ, ಹಿಮದ್ದೋ?

ಕಾಫಿ ಬಗ್ಗಿಸಿಕೊಂಡು ಕಾರಿಗೆ ಒರಗಿ ಕುಡಿದೆ. ನಿಧಾನವಾಗಿ ಕುಡಿದೆ. ಇಲ್ಲಿ ನಾನು ಬಾಯಿ ಬಿಡಬೇಕಾದ ಅಗತ್ಯವೇನೂ ಇಲ್ಲ, ಕೇಳುವವರು ಯಾರೂ ಇಲ್ಲ ಎನ್ನಿಸಿತು. ಲೋಟ ಖಾಲಿಯಾಗುವವರೆಗೂ ಹಾಗೇ ಎನ್ನಿಸುತ್ತಿತ್ತು. ಆಮೇಲೆ ಅವರ ಹತ್ತಿರ ಹೋದೆ.

"ರೀ, ಅನ್‌ಲೋಡಿಂಗ್ ರೀಡಿಂಗ್ ತೊಗೊಂಡಿಲ್ಲ."

ಇದು ನಮ್ಮ ಕಡೆ ವಿಜ್ಞಾನ ಓದಿದ ಎಲ್ಲರಿಗೂ ಗೊತ್ತಿರುವ ಮಾತು. ಪ್ರಾಕ್ಟಿಕಲ್ಲಿನಲ್ಲಿ ತಂತಿಗೆ ಅರ್ಧರ್ಧ ಕಿಲೋ ತೂಕ ನೇತುಹಾಕುತ್ತಾ ಎಷ್ಟು ಉದ್ದವಾಯಿತೆಂದು ಬರೆಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ, ಒಂದೊಂದೇ ತೂಕ ತೆಗೆಯುತ್ತಾ ಮತ್ತೆ ಬರೆಯಬೇಕು. ವಾಪಸು ಬರುವಾಗ ಅದೇ ಅಂಕಿ ಬಂದರೆ ಮಾತ್ರ ನಂಬಿಕೆ. ಹುಡುಗರು ಎರಡನೆಯದನ್ನು ಮಾಡದೆ, ಮೊದಲಿನ ಅಂಕಿಗಳನ್ನೇ ಅಷ್ಟಿಷ್ಟು ತಿದ್ದಿ ಬರೆದು ಮನೆಗೆ ಓಡುತ್ತಿದ್ದರು. ಒಂಬತ್ತು ವರ್ಷ ನಾನು ಅಂಥ ರೆಕಾರ್ಡುಗಳಿಗೆ ಕೆಂಪು ಗೆರೆ ಎಳೆದಿದ್ದೇನೆ.

ನಮ್ಮವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮುಖದ ಮೇಲಿದ್ದ ಕಳೆ ಇಳಿದುಹೋಯಿತು.

"ನಾಲ್ಕೂಕಾಲಾಯ್ತು ಕಣೆ."

"ಗೊತ್ತು."

"ಕೈ ಮರಗಟ್ಟಿದೆ."

"ಗೊತ್ತು ರೀ."

ಅವರು ಗುಡ್ಡ ನೋಡಿದರು. ಆಮೇಲೆ ಸ್ಪ್ಯಾನರ್ ಎತ್ತಿಕೊಂಡು ತಾವೇ ಅರ್ಲ್‌ಗೆ ಇಂಗ್ಲಿಷಿನಲ್ಲಿ ಹೇಳಿದರು: ಹಳೆಯದನ್ನು ಮತ್ತೆ ಹಾಕಿ ನೋಡಬೇಕು. ಅರ್ಲ್ ಹುಬ್ಬೇರಿಸಿದ, ಆದರೆ ಏಕೆಂದು ಕೇಳಲಿಲ್ಲ. ಈ ಸಲ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ಕಂಪನಿಯ ಕ್ಲಚ್ಚು ಹೊತ್ತ ಗಾಡಿ ಮುಸ್ಸಂಜೆಯ ಬೆಳಕಿನಲ್ಲಿ ಏರತೊಡಗಿತು. ಮೂವತ್ತೇಳು. ಮೂವತ್ತಾರು. ಮೂವತ್ತಾರು. ಅಂಕಿಗಳನ್ನು ನಾನು ಗಟ್ಟಿಯಾಗಿ ಓದಲಿಲ್ಲ, ನೋಟುಬುಕ್ಕನ್ನೇ ಅವರಿಗೆ ಕೊಟ್ಟೆ.

ಅರ್ಲ್ ಬಹಳ ಹೊತ್ತು ಆ ಪುಟ ನೋಡಿದ. "ಇಪ್ಪತ್ತು ವರ್ಷದಿಂದ ಕಿಟ್ಟು ಮಾರುತ್ತಿದ್ದೇನೆ. ಹಾಕಿಸಿಕೊಂಡವರೆಲ್ಲ ಗಾಡಿ ಹಾರುತ್ತದೆ ಅನ್ನುತ್ತಾರೆ. ಹಳೆಯದನ್ನು ಮತ್ತೆ ಹಾಕಿ ನೋಡಿದವರು ಒಬ್ಬರೂ ಇಲ್ಲ" ಎಂದ. ದೇಶದ ಆ ತುದಿಯ ಹತ್ತು ಸಾವಿರ ಅಡಿಯ ಬೆಟ್ಟಗಳಲ್ಲಿ ಗಾಳಿ ತೆಳು, ಎಂಜಿನ್ ಸೊರಗುತ್ತದೆ, ಅಲ್ಲಿ ಹಗುರ ಭಾರಗಳಿಂದ ನಿಜಕ್ಕೂ ಉಪಯೋಗವಿದೆ, ಮೂರು ಸಾವಿರ ಅಡಿಯ ನಮ್ಮ ಗುಡ್ಡಕ್ಕೆ ಕಂಪನಿಯದೇ ಸಾಕೇನೋ ಎಂದೂ ಹೇಳಿದ. ಕೊನೆಗೆ, "ಹಾಗಾದರೆ ಫೋನ್ ಮಾಡಿ ಹೇಳುವಂಥದ್ದು ಏನೂ ಉಳಿಯಲಿಲ್ಲ" ಎಂದ. ಕಹಿಯಿಂದ ಹೇಳಿದ ಮಾತಲ್ಲ. ಹೊರಡುವಾಗ ಭಾರಗಳನ್ನು ತಾನೇ ಒರೆಸಿ, ಟವೆಲ್ಲಿನಲ್ಲಿ ಸುತ್ತಿಕೊಟ್ಟ.

ಆ ದಿನ ಹೆದ್ದಾರಿಯ ಪಕ್ಕದ ಮೋಟೆಲಿನಲ್ಲಿ ಉಳಿದೆವು. ಮೂವತ್ತೆಂಟು ಡಾಲರು, ಹೀಟರಿನ ಸದ್ದು ಬಿಟ್ಟಿ. ಮೊಸರನ್ನ ತಿಂದು ಮಲಗಿದೆವು. ಗಂಡನ ಬದುಕಿಗೆ ನಾನೇ ಕೆಂಪು ಗೆರೆ ಎಳೆದೆನೇನೋ ಎಂದು ಸಂಕಟವಾಗುತ್ತಿತ್ತು.

ಭಾನುವಾರ ಬೆಳಗ್ಗೆ ಎಂಟಕ್ಕೆ ಹೊರಟು, ಎಪ್ಪತ್ತು ಮೈಲಿ ಸುಮ್ಮನೆ ಬಂದೆವು. ಸೈಡ್ಲಿಂಗ್ ಹಿಲ್ ಎಂಬಲ್ಲಿ ರಸ್ತೆಗಾಗಿ ಒಂದು ಇಡೀ ಬೆಟ್ಟವನ್ನು ಸೀಳಿದ್ದಾರೆ. ಕಲ್ಲಿನ ಪದರಗಳು ಬಾಣಲೆಯ ಹಾಗೆ ಬಾಗಿರುವುದು ಎದ್ದು ಕಾಣುತ್ತದೆ. ನೋಡುವವರಿಗಾಗಿ ಕಾರು ನಿಲ್ಲಿಸುವ ಜಾಗವೂ ಇದೆ. ನಮ್ಮವರು ಅಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆ ಕಲ್ಲುಗಳನ್ನೇ ನೋಡುತ್ತಾ ಹೇಳಿದರು:

"ಹೊಸ ಕ್ಲಚ್ಚಲ್ಲಿ ಎರಡನೇ ಸಲ ಹತ್ತಿದಾಗ್ಲೇ ಗೊತ್ತಾಗಿತ್ತು ನಂಗೆ."

"ಏನು?"

"ಸ್ನೋ ಗಟ್ಟಿಯಾಗಿದೆ ಅಂತ. ಗಾಡಿ ಸದ್ದಲ್ಲೇ ಗೊತ್ತಾಯ್ತು."

"ಮತ್ತೆ ಯಾಕ್ರೀ ಸುಮ್ನಿದ್ರಿ?"

"ನೀನೂ ಸುಮ್ನಿರ್ತೀಯೇನೋ ಅಂತ."

ಒಂದು ಲಾರಿ ಹಾದುಹೋಯಿತು.

"ನಾನೂ ಸುಮ್ನಿದ್ದಿದ್ರೆ?"

"ಇಬ್ರೂ ಮಿನ್ನೆಸೋಟಾಕ್ಕೆ ಹೋಗ್ತಿದ್ವಿ" ಎಂದರು.

ಆ ಮನುಷ್ಯನ ಮೇಲೆ ನನಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬಚ್ಚಿಟ್ಟುಕೊಳ್ಳಬಹುದಾಗಿದ್ದ ಮಾತನ್ನು ಹಗಲು ಬೆಳಕಿನಲ್ಲಿ ಹೇಳಿಬಿಟ್ಟಿದ್ದರು, ಇನ್ನು ನನ್ನದನ್ನು ನಾನು ಮುಚ್ಚಿಟ್ಟುಕೊಂಡು ಮನೆ ಸೇರುವುದು ಸಾಧ್ಯವಿರಲಿಲ್ಲ.

"ಕಾರ್ ಹತ್ರ ಹೋದಾಗ್ಲೇ ನಂಗೂ ಗೊತ್ತಾಗಿತ್ತು ರೀ. ಕಾಫಿ ಮುಗಿಯೋವರ್ಗೂ ಸುಮ್ನೆ ನಿಂತಿದ್ದೆ. ಹೇಳೋದೇ ಬೇಡ ಅಂತ."

ಗುಡ್ಡ ಬಿಟ್ಟ ಮೇಲೆ ಅವರು ನನ್ನ ಮುಖ ನೋಡಿದ್ದು ಆಗಲೇ.

"ಪೂರ್ತಿ ಕಾಫಿನಾ?"

"ಪೂರ್ತಿ. ತಳದಲ್ಲಿದ್ದ ಸಕ್ಕರೇನೂ ಬಿಡ್ಲಿಲ್ಲ."

ಅವರು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ನಕ್ಕರು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು, ಅದನ್ನು ಅವರು ಒರೆಸಿಕೊಳ್ಳಲಿಲ್ಲ. ನಾನು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದೆ. ಪಶ್ಚಿಮದ ಬೆಟ್ಟಗಳ ನೆತ್ತಿ ಇನ್ನೂ ಬೆಳ್ಳಗೆ ಕಾಣುತ್ತಿತ್ತು. ಕೊಲಂಬಿಯಾಕ್ಕೆ ಇನ್ನೂ ತೊಂಬತ್ತು ಮೈಲಿ ಇತ್ತು, ಅಷ್ಟು ದೂರವೂ ಮಾತಾಡುತ್ತಲೇ ಬಂದೆವು.