ಕೊಟ್ಟಿಗೆಯಲ್ಲಿ ನಿಂತ ಮಿಲಿಟರಿ ಲಾರಿ

ಸಂತೆಗೆ ನಯಾಪೈಸೆ ಹೊಸದಾಗಿ ಬಂದು, ಮುದುಕಿಯರೆಲ್ಲ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ ವರ್ಷಗಳು ಅವು. ನಮ್ಮೂರು ಉಡುತಡಿಯ ಮಕ್ಕಳಿಗೆ ಲಾರಿ ಎಂದರೆ ಶಿಕಾರಿಪುರದ ರಸ್ತೆಯಲ್ಲಿ ಧೂಳೆಬ್ಬಿಸಿ ಓಡುವ ಸೋಜಿಗ. ಕುಂಟೆಬಿಲ್ಲೆ ಆಡುತ್ತಿದ್ದವರು ಆಟ ಬಿಟ್ಟು ಓಡಿ, ಅದು ಉಳಿಸಿಹೋದ ಪೆಟ್ರೋಲ್ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು ಬರುತ್ತಿದ್ದೆವು. ಅಂಥ ಕಾಲದಲ್ಲಿ ನಮ್ಮಪ್ಪ ದನಗಳನ್ನು ಜಗಲಿಗೆ ಕಟ್ಟಿ, ಕೊಟ್ಟಿಗೆಯ ಒಂದು ಗೋಡೆ ಒಡೆದು, ಅದರೊಳಗೆ ಮಿಲಿಟರಿ ಲಾರಿಯೊಂದನ್ನು ತಂದು ನಿಲ್ಲಿಸಿದ.

ಲಾರಿ ತಾನಾಗಿ ಬರಲಿಲ್ಲ. ಊರಿನ ಎತ್ತುಗಳೆಲ್ಲ ಸೇರಿ ಎಳೆದು ತಂದವು. ಸೊರಬದ ಆಚೆ ಚಂದ್ರಗುತ್ತಿ ದಾರಿಯ ಮರದ ಡಿಪೋದಲ್ಲಿ ಅದು ಯಾವ ಕಾಲದಿಂದಲೋ ಬಿದ್ದುಕೊಂಡಿತ್ತು. ಅದಕ್ಕೆ ಬದಲಾಗಿ ಅಪ್ಪ ನಮ್ಮ ಗಾಡಿ ಎತ್ತಿನ ಜೋಡಿಯನ್ನೇ ಕೊಟ್ಟುಬಿಟ್ಟ. ಡಿಪೋದ ಕಾವಲುಗಾರನಿಗೇ ಕನಿಕರ ಬಂದಿತ್ತಂತೆ. "ಎಂಥಕ್ಕೆ ಮಾರಾಯ್ರೆ ಇದು ನಿಮ್ಗೆ? ನಮ್ಮ ಕೋಳಿ ಇದ್ರೊಳಗೆ ಮೊಟ್ಟೆ ಇಡ್ತವೆ, ಅಷ್ಟೇಯ" ಎಂದನಂತೆ. ಊರಿನವರು ಬಾಯಿಗೆ ಬಂದಂತೆ ಆಡಿಕೊಂಡರು. ಮೇವು ತಿನ್ನೋ ಎತ್ತು ಕೊಟ್ಟು ತುಕ್ಕು ತಿನ್ನೋ ಗಾಡಿ ತಂದ ಎಂದು ಕಟ್ಟೆಯ ಮೇಲೆ ಕೂತು ನಕ್ಕರು. ಅವರಿಗೇನು, ನಗುವವರಿಗೆ ಯಾವ ಖರ್ಚೂ ಇಲ್ಲ.

ಅಪ್ಪನಿಗೆ ಬೇಕಿದ್ದದ್ದು ಲಾರಿಯಲ್ಲ, ಅದರ ಬೆನ್ನ ಮೇಲಿದ್ದ ಕೋಣೆ. ತಗಡು ಹೊದಿಸಿದ ಆ ಮರದ ಕೋಣೆಯೊಳಗೆ ಒಂದು ಮೇಜು, ಎರಡು ಸ್ಟೂಲು, ಗುಂಡಿ ಮುಳ್ಳುಗಳಿದ್ದ ಕಬ್ಬಿಣದ ಪೆಟ್ಟಿಗೆ, ಕಿವಿಗೆ ಹಾಕುವ ಸಾಧನ, ಬಾಯಿಯ ಹತ್ತಿರ ಹಿಡಿದು ಮಾತಾಡುವ ಕೊಳವೆ ಎಲ್ಲ ಇದ್ದವು. ಯುದ್ಧದಲ್ಲಿ ಸುದ್ದಿ ಕಳಿಸುತ್ತಿದ್ದ ರೇಡಿಯೋ ಲಾರಿ ಅದು. ನನ್ನ ಚಿಕ್ಕಪ್ಪ ರುದ್ರಪ್ಪ ಬರ್ಮಾದ ಕಾಡಿನಲ್ಲಿ ಇಂಥದೇ ಲಾರಿಯೊಳಗೆ ಕೂತು ಕೆಲಸ ಮಾಡಿದವನು. ರಜೆಯಲ್ಲಿ ಒಮ್ಮೆ ಊರಿಗೆ ಬಂದಾಗ ಬೇರೆ ಮಾತೇ ಇಲ್ಲದೆ ಆ ಲಾರಿಯ ಸುದ್ದಿಯನ್ನೇ ಹೇಳಿದ್ದನಂತೆ. ಯುದ್ಧ ಮುಗಿದು ತಿರುಗಿ ಬಂದಾಗ ಅವನ ಬಾಯಿಂದ ಮಾತು ಹೋಗಿತ್ತು.

ನಾನು ಹುಟ್ಟಿದಾಗಿನಿಂದ ಕಂಡದ್ದು ಮಾತಿಲ್ಲದ ಚಿಕ್ಕಪ್ಪನನ್ನೇ. ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿದ್ದ, ಕೊಟ್ಟದ್ದನ್ನು ಉಣ್ಣುತ್ತಿದ್ದ. ನಾನು ಬೆನ್ನ ಮೇಲೆ ಹತ್ತಿದರೆ ಬಾಗಿ ಆನೆಯಾಗುತ್ತಿದ್ದ. ಅವನಿಂದ ಯಾರಿಗೂ ತೊಂದರೆ ಇರಲಿಲ್ಲ. ಗುಡುಗಿಗೆ ಮಾತ್ರ ತಡೆಯಲಾರ. ಆ ವರ್ಷದ ಮಳೆಗಾಲದಲ್ಲಿ ಒಂದು ಸಿಡಿಲಿಗೆ ಮನೆಯಿಂದ ಓಡಿಹೋಗಿ ಕೆರೆಯ ನೀರಿನಲ್ಲಿ ಬೋರಲು ಮಲಗಿಬಿಟ್ಟ. ನಾಟಿ ಮಾಡುತ್ತಿದ್ದವರು ಕಂಡು ಎಳೆದು ಹಾಕದಿದ್ದರೆ ಅಂದೇ ಮುಗಿದಿತ್ತು.

ಅಜ್ಜಿಯ ತಮ್ಮ ಮಲ್ಲೇಶಪ್ಪಜ್ಜ ಪಕ್ಕದ ಬೀದಿಯವನು. ನಮ್ಮ ಅಜ್ಜ ತೀರಿಕೊಂಡ ಮೇಲೆ ಮನೆಯ ದೊಡ್ಡ ತೀರ್ಮಾನವೆಲ್ಲ ಅವನದೇ. ಆ ಸಂಜೆ ಬಂದವನು ಕೂರಲೂ ಇಲ್ಲ.

"ಅಕ್ಕಾ, ಇನ್ನು ಇವನ್ನ ಮನ್ಯಾಗೆ ಇಟ್ಕಳ್ಳಾದು ಬ್ಯಾಡ. ಮಾರ್ನೋಮಿ ಹಬ್ಬ ಮುಗೀಲಿ, ಹುಚ್ಚರ ಆಸ್ಪತ್ರೆಗೆ ಬಿಟ್ಟು ಬರಾಣ."

"ನಾ ಸತ್ತ ಮ್ಯಾಲೆ ಬಿಟ್ಟು ಬಾ" ಎಂದಳು ಅಜ್ಜಿ.

"ಕೆರ್‍ಯಾಗೆ ಹೆಣ ತೇಲಿದ ಮ್ಯಾಲೆ ಅಳಾದ್ಕಿಂತ ಇದು ಚಲೋ ಐತೆ. ಹೋಗ್ಲಿ, ಅವ್ನು ಒಂದು ಮಾತು ಆಡ್ಲಿ. ನನ್ನ ಎದುರಿಗೆ ಒಂದೇ ಒಂದು ಮಾತು. ಆಮ್ಯಾಲೆ ನಾನು ಈ ಸುದ್ದಿ ಎತ್ತಿದ್ರೆ ಕೇಳು."

ರೈಲು ಹತ್ತಿ ಹೋಗಬೇಕಾದ ಆ ಆಸ್ಪತ್ರೆಗೆ ನಮ್ಮ ಸೀಮೆಯಿಂದ ಹೋದವರು ಯಾರೂ ಹಿಂದಕ್ಕೆ ಬಂದದ್ದನ್ನು ನಾವು ಕೇಳಿರಲಿಲ್ಲ. ಅಜ್ಜಿ ಅಂದು ಒಲೆಯ ಮುಂದೆ ಕೂತವಳು ರೊಟ್ಟಿ ಸೀದರೂ ಏಳಲಿಲ್ಲ. ಅದಾದ ವಾರದಲ್ಲೇ ಅಪ್ಪ ಲಾರಿ ಹುಡುಕಿಕೊಂಡು ಬಂದದ್ದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ನಮ್ಮದು ಸ್ವಲ್ಪ ಭಾರದ ಹುಲ್ಲುಕಡ್ಡಿ.

ಅಪ್ಪ ಬಾವಿಗಳ ಆಯಿಲ್ ಇಂಜಿನ್ ರಿಪೇರಿ ಮಾಡುತ್ತಿದ್ದವನು, ಹಾಗಾಗಿ ಲಾರಿಯ ಇಂಜಿನ್ನಿಗೆ ಹೆದರಲಿಲ್ಲ. ಒಳಗಿಂದ ಇಲಿಗೂಡು, ಕೋಳಿ ಪುಕ್ಕ, ಒಣಗಿದ ಹಾವಿನ ಪೊರೆ ಎಲ್ಲ ಬಂದವು. ಬಿಚ್ಚಿದ ಸಾಮಾನನ್ನು ಸೀಮೆಎಣ್ಣೆಯ ಬೋಗುಣಿಯಲ್ಲಿ ಅದ್ದಿ, ಉಜ್ಜಿ, ಗೋಣಿಚೀಲದ ಮೇಲೆ ಸಾಲಾಗಿ ಇಡುವುದು ನನ್ನ ಕೆಲಸ. ಕೊಟ್ಟಿಗೆಯಲ್ಲಿ ಸಗಣಿ ವಾಸನೆ ಅಡಗಿ ಗ್ರೀಸಿನ ವಾಸನೆ ಎದ್ದಿತು. ಹುಚ್ಚೆಳ್ಳು ಚಟ್ನಿ ಹಚ್ಚಿದ ರೊಟ್ಟಿಯನ್ನು ಅವ್ವ ಅಲ್ಲಿಗೇ ತಂದುಕೊಟ್ಟು, "ನಿಮ್ಮಪ್ಪ ಮುಟ್ಟಿದ ರೊಟ್ಟಿಗೆ ಬತ್ತಿ ಇಟ್ರೆ ದೀಪ ಉರೀತೈತೆ" ಎಂದು ಗೊಣಗುತ್ತಿದ್ದಳು. ನನಗೆ ಆ ವಾಸನೆಯ ರೊಟ್ಟಿಯೇ ರುಚಿಯಾಗಿತ್ತು.

ಚಿಕ್ಕಪ್ಪ ಮಾತ್ರ ಆ ಕಡೆ ತಲೆ ಹಾಕಲಿಲ್ಲ. ಅಪ್ಪ ಕರೆಯಲೂ ಇಲ್ಲ. ಹೋಳಿಗೆ ತಟ್ಟೆ ಎದುರಿಗಿಟ್ಟು ಉಣ್ಣು ಎನ್ನದೆ ಸುಮ್ಮನಿದ್ದ ಹಾಗೆ ಇದ್ದ. ಗಣಪತಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಚಿಕ್ಕಪ್ಪ ತಾನಾಗಿ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಮರುದಿನವೂ ಬಂದ. ಆಮೇಲೆ ಒಂದು ದಿನ ಹಿಂದಿನ ಮೆಟ್ಟಿಲು ಹತ್ತಿ, ಸ್ಟೂಲನ್ನು ತನಗೆ ಬೇಕಾದಷ್ಟು ದೂರಕ್ಕೆ ಎಳೆದುಕೊಂಡು, ಪಂಚೆಯ ಚುಂಗಿನಿಂದ ಪೆಟ್ಟಿಗೆಯ ಧೂಳು ಒರೆಸಿದ. ಅಪ್ಪ ಇಂಜಿನ್ನಿನ ಕೆಳಗೆ ಮಲಗಿದ್ದವನು ಸುಮ್ಮನಿರು ಎಂದು ನನಗೆ ಕಣ್ಣಲ್ಲೇ ಹೇಳಿದ.

ರೇಡಿಯೋ ಪೆಟ್ಟಿಗೆಯನ್ನು ರಿಪೇರಿ ಮಾಡಿದ್ದು ಚಿಕ್ಕಪ್ಪನೇ. ಒಳಗಿನ ಗಾಜಿನ ವಾಲ್ವುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೆಟ್ಟವನ್ನು ಅಪ್ಪನ ಅಂಗೈ ಮೇಲಿಡುತ್ತಿದ್ದ. ಅಪ್ಪ ಅವನ್ನು ಹತ್ತಿಯಲ್ಲಿ ಸುತ್ತಿಕೊಂಡು ಶಿವಮೊಗ್ಗಕ್ಕೆ ಹೋಗಿ, ಅಂಥವೇ ಸಿಗುವ ತನಕ ಅಂಗಡಿ ಅಂಗಡಿ ಅಲೆದು ತರುತ್ತಿದ್ದ. ಅಣ್ಣತಮ್ಮಂದಿರ ನಡುವೆ ಒಂದು ಮಾತೂ ಇಲ್ಲ. ಆದರೂ ಅಷ್ಟು ಒಳ್ಳೆಯ ಮಾತುಕತೆಯನ್ನು ನಾನು ಆ ಮನೆಯಲ್ಲಿ ಮತ್ತೆ ನೋಡಲಿಲ್ಲ.

ಮಾರ್ನೋಮಿ ಹತ್ತಿರ ಬಂತು. ಬಸ್ಸಿನ ಡ್ರೈವರೊಬ್ಬನ ಕಾಲು ಹಿಡಿದು ಅಪ್ಪ ಒಂದು ಹಳೆಯ ಬ್ಯಾಟರಿ ತಂದ. ಅಜ್ಜಿ ಮತ್ತು ಅವ್ವ ಹೊಲಕ್ಕೆ ಅಲಸಂದೆ ಬಿಡಿಸಲು ಹೋಗಿದ್ದರು. ಕೊಟ್ಟಿಗೆಯಲ್ಲಿ ನಾವು ಮೂವರೇ. ವೈರು ಕೂಡಿಸಿದ ಸ್ವಲ್ಪ ಹೊತ್ತಿಗೆ ವಾಲ್ವುಗಳು ಒಲೆಯ ಕೆಂಡದ ಹಾಗೆ ಕೆಂಪಾದವು. ಪೆಟ್ಟಿಗೆಯೊಳಗೆ ಸಾಸಿವೆ ಸಿಡಿದಂಥ ಸದ್ದು ಶುರುವಾಯಿತು. ಚಿಕ್ಕಪ್ಪ ಕಿವಿಗೆ ಸಾಧನ ಹಾಕಿಕೊಂಡು ಗುಂಡಿ ತಿರುಗಿಸಿದ. ಮಾತಾಡುವ ಕೊಳವೆಯನ್ನು ತುಟಿಯ ಹತ್ತಿರ ತಂದ.

"ಹಲೋ... ಕೇಳ್ತೈತಾ? ನಾನಿನ್ನೂ ಅದೀನಿ."

ದನಿ ಒಡೆದಿತ್ತು. ಬಹಳ ದಿನ ತೆರೆಯದ ಬಾಗಿಲು ತೆರೆದ ಹಾಗಿತ್ತು. ಅವನು ಇನ್ನೂ ಒಮ್ಮೆ ಅದನ್ನೇ ಹೇಳಿದ. ಅಷ್ಟರಲ್ಲಿ ಬ್ಯಾಟರಿ ಇಳಿದು ಕೆಂಪು ಆರಿತು, ಸದ್ದು ನಿಂತಿತು. ಚಿಕ್ಕಪ್ಪ ಕೊಳವೆ ಹಿಡಿದುಕೊಂಡೇ ಕೂತ. ಅಪ್ಪ ಲಾರಿಯ ಗಾಲಿಗೆ ಹಣೆ ಹಚ್ಚಿ ಮಗುವಿನಂತೆ ಅತ್ತ.

ನಾನು ಹೊಲದ ತನಕ ಓಡಿದೆ. ಅಜ್ಜಿ ಮಡಿಲ ಕಾಯಿ ಚೆಲ್ಲಿಕೊಂಡು ಬಂದು ಅವನ ಕೆನ್ನೆ ಹಿಡಿದಳು. "ನನ್ನಪ್ಪಾ, ಅವ್ವಾ ಅನ್ನೋ. ಒಂದ್ಸಲ ಅನ್ನೋ ರುದ್ರಾ." ಅವನು ಅವಳನ್ನೇ ನೋಡಿದ, ಮಾತು ಬರಲಿಲ್ಲ. ಮಲ್ಲೇಶಪ್ಪಜ್ಜನಿಗೆ ಹೇಳಿದರೆ, "ಕೂಸಿನ ಮಾತು, ಅಣ್ಣನ ಆಸೆ ಕಟ್ಕಂಡು ಏನು ಮಾಡ್ಲಿ? ಹಬ್ಬದ ದಿನ ಬರ್ತೀನಿ, ನನ್ನ ಕಿವಿಗೆ ಬೀಳ್ಲಿ" ಎಂದ. ನಾನು ಸುಳ್ಳು ಹೇಳುವ ಕೂಸಾಗಿರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಬ್ಯಾಟರಿ ತುಂಬಿಸಬೇಕಿತ್ತು. ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಪಕ್ಕದ ಮನೆಯ ಗಾಡಿ ಬೇಡಿ ಪಡೆದು, ಹುಲ್ಲಿನ ನಡುವೆ ಬ್ಯಾಟರಿ ಅಲುಗದಂತೆ ಇಟ್ಟು, ಅದನ್ನು ಹಿಡಿದುಕೊಳ್ಳಲು ನನ್ನನ್ನು ಕೂರಿಸಿಕೊಂಡು ಅಪ್ಪ ಶಿಕಾರಿಪುರಕ್ಕೆ ಹೊರಟ. ಅದು ತುಂಬಲು ಒಂದು ಹಗಲು ರಾತ್ರಿ ಬೇಕೆಂದು ಅಂಗಡಿಯವನು ಹೇಳಿದ. ಅಪ್ಪ ನನಗೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ಕೊಡಿಸಿ, ತಾನು ಅಂಗಡಿಯ ಕಟ್ಟೆ ಬಿಟ್ಟು ಏಳಲಿಲ್ಲ. ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಹಾಡಿದ. ಅಪ್ಪನಿಗೆ ಹಾಡು ಬರುತ್ತದೆಂದು ನನಗೆ ಗೊತ್ತಾದದ್ದೇ ಅಂದು.

ಮನೆ ಮುಟ್ಟಿದಾಗ ಹಬ್ಬದ ಮುಂಚಿನ ದಿನದ ಇಳಿಹೊತ್ತು. ಅಂಗಳವೆಲ್ಲ ಒದ್ದೆ. ನೇಗಿಲು, ಕುಡುಗೋಲು, ಕೊಡಲಿ, ಸೇರು, ಎಲ್ಲ ತೊಳೆಸಿಕೊಂಡು ಸಾಲಾಗಿ ನಿಂತಿದ್ದವು. ಆಯುಧಪೂಜೆಗೆ ತೊಳೆಯದ ಹತ್ಯಾರ ನಮ್ಮಲ್ಲಿಲ್ಲ. ಕೊಟ್ಟಿಗೆಯ ಬಾಗಿಲಿಂದಲೂ ನೀರು ಹರಿದು ಬರುತ್ತಿತ್ತು. ಅಜ್ಜಿ ಸೀರೆ ಎತ್ತಿ ಸಿಕ್ಕಿಸಿಕೊಂಡು, ಕೈತುಂಬ ಹುಣಸೆಹಣ್ಣು ಬೂದಿ ಮೆತ್ತಿಕೊಂಡು, ಮುಖವೆಲ್ಲ ನಗುವಾಗಿ ಎದುರು ಬಂದಳು.

"ನನ್ನ ಮಗನ ಮಾತು ತಂದುಕೊಟ್ಟ ಹತ್ಯಾರ ಅಲ್ಲೇನೋ ಅದು? ಎಲ್ಲಕ್ಕಿಂತ ಮದ್ಲು ಅದುಕ್ಕೇ ನೀರು ಹಾಕ್ದೆ. ಒಳಗಿನ ತಾಮ್ರದ್ದೆಲ್ಲ ಹೆಂಗೆ ತಿಕ್ಕೀನಿ ನೋಡು, ಫಳಫಳ ಅಂತೈತೆ."

ಅಪ್ಪ ಬ್ಯಾಟರಿ ಹೊತ್ತುಕೊಂಡು ನಿಂತಲ್ಲೇ ನಿಂತ. ಪೆಟ್ಟಿಗೆಯ ಬಾಯಿ ತೆರೆದಿತ್ತು. ಒಳಗಿನ ಸುರುಳಿಗಳಿಂದ ಹುಳಿನೀರು ಹನಿ ಹನಿ ಇಳಿಯುತ್ತಿತ್ತು. ಒಂದೊಂದು ವಾಲ್ವಿನ ಹಣೆಗೂ ವಿಭೂತಿ ಹಚ್ಚಿದ್ದಳು. ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು. ಅಜ್ಜಿ ಕೊಡ ಎತ್ತಿದಾಗ ಚಿಕ್ಕಪ್ಪ ಅಲ್ಲೇ ಇದ್ದನಂತೆ. ಬಾಯಿ ತೆರೆದನಂತೆ, ಮುಚ್ಚಿದನಂತೆ. ಓಡಿಬಂದು ಅಜ್ಜಿಯ ಮಣಿಕಟ್ಟು ಹಿಡಿದನಂತೆ. ಮಗ ಕೆಲಸಕ್ಕೆ ಕೈ ಹಾಕಲು ಬಂದ ಎಂದು ಅಜ್ಜಿ ಹಿಗ್ಗಿ ಕೊಡವನ್ನು ಅವನ ಕೈಗೇ ಕೊಟ್ಟಳಂತೆ. ಬೇಡ ಎಂಬ ಎರಡಕ್ಷರ ಅವನ ಬಾಯಿಂದ ಹೊರಡಲಿಲ್ಲ. ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟು, ಪಡಸಾಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತನಂತೆ.

ಅಪ್ಪ ಅಜ್ಜಿಯನ್ನು ಬೈಯಲಿಲ್ಲ. ವಾಲ್ವುಗಳನ್ನು ಮೊರದಲ್ಲಿಟ್ಟು ಸಂಡಿಗೆಯ ಹಾಗೆ ಇಳಿಬಿಸಿಲಿಗೆ ಹಾಕಿದ. ರಾತ್ರಿಯೆಲ್ಲ ಪೆಟ್ಟಿಗೆಯ ಸುತ್ತ ಕೆಂಡದ ಬೋಗುಣಿ ಇಟ್ಟ. ಹಬ್ಬದ ಬೆಳಿಗ್ಗೆ ತುಂಬಿದ ಬ್ಯಾಟರಿಗೆ ವೈರು ಕೂಡಿಸಿದಾಗ ನೀಲಿ ಬೆಳಕೊಂದು ಚಕ್ಕನೆ ಹೊಳೆಯಿತು. ಅರಗು ಸುಟ್ಟ ವಾಸನೆ ಕೊಟ್ಟಿಗೆ ತುಂಬಿತು. ಏನಾಯಿತೆಂದು ಅಜ್ಜಿ ಕೇಳಿದಾಗ, "ವಾಲ್ವು ಹಳೇವು ಕಣವ್ವಾ, ಅವುಗಳ ಆಯಸ್ಸೇ ಅಷ್ಟಿತ್ತು" ಎಂದ. ಅವಳು ಸಾಯುವವರೆಗೂ ಅಪ್ಪ ಆ ಸುಳ್ಳನ್ನು ಬಿಡಲಿಲ್ಲ, ನಮ್ಮನ್ನೂ ಬಿಡಗೊಡಲಿಲ್ಲ.

ಮಲ್ಲೇಶಪ್ಪಜ್ಜ ಹೋಳಿಗೆ ಊಟಕ್ಕೆ ಬಂದ. ಊಟ ಮಾಡಲಿಲ್ಲ. ಚಿಕ್ಕಪ್ಪನ ಎದುರು ಕುಕ್ಕರುಗಾಲಲ್ಲಿ ಕೂತು ಗದ್ದ ಹಿಡಿದು ಬೇಡಿದ. "ರುದ್ರಾ, ಮಾವಾ ಅನ್ನು. ಬೈಯಾರ ಬೈಯೋ, ನಾನು ತಪ್ಪು ತಿಳಿಯಂಗಿಲ್ಲ. ಮಾತಾಡೋ ಮಗನೇ." ಮಲ್ಲೇಶಪ್ಪಜ್ಜನೂ ಅಳುತ್ತಿದ್ದ. ಅದಕ್ಕೂ ಮೊದಲು ನಾನು ಅವನನ್ನು ರಾಕ್ಷಸ ಎಂದುಕೊಂಡಿದ್ದೆ. ರಾಕ್ಷಸನೇ ಆಗಿದ್ದರೆ ಅವನನ್ನು ದ್ವೇಷಿಸುವುದು ನನಗೆ ಸುಲಭವಿತ್ತು.

ಬನ್ನಿ ಹಬ್ಬದ ಮರುದಿನ ಶಿವಮೊಗ್ಗದ ರೈಲಿಗೆ ಹೊರಡುವುದೆಂದಾಯಿತು. ಗಾಡಿಯಲ್ಲಿ ಕಳಿಸಲು ಅಪ್ಪ ಒಪ್ಪಲಿಲ್ಲ. ತುಂಬಿಸಿ ತಂದ ಬ್ಯಾಟರಿಯನ್ನು ಇಂಜಿನ್ನಿಗೆ ಕೂಡಿಸಿ ಲಾರಿ ಚಾಲೂ ಮಾಡಿದ. ಅದು ಒಂದೇ ಏಟಿಗೆ ಗುಡುಗಿತು. ಆ ಸದ್ದಿಗೆ ಚಿಕ್ಕಪ್ಪ ಬೆಚ್ಚಲಿಲ್ಲ, ಓಡಲಿಲ್ಲ. ಮೆಟ್ಟಿಲು ಹತ್ತಿ ತನ್ನ ಸ್ಟೂಲಿನ ಮೇಲೆ ಕೂತು, ಸತ್ತ ಪೆಟ್ಟಿಗೆಯ ಸಾಧನವನ್ನು ಕಿವಿಗೆ ಹಾಕಿಕೊಂಡ. ಅಜ್ಜಿ ಬನ್ನಿಯ ಎಲೆಯನ್ನು ಅವನ ಅಂಗೈಯಲ್ಲಿಟ್ಟು, "ಬಂಗಾರದಂಗೆ ಇರಪ್ಪಾ" ಎಂದಳು. ಊರಿನ ಮಕ್ಕಳೆಲ್ಲ ಲಾರಿಯ ಹಿಂದೆ ಕೇಕೆ ಹಾಕುತ್ತ ಓಡಿದರು. ನಮ್ಮೂರಿನ ಮೊದಲ ಲಾರಿ ಅಲ್ಲವೇ, ಅವರ ತಪ್ಪೇನಿಲ್ಲ. ನಾನು ಓಡಲಿಲ್ಲ.

ಚಿಕ್ಕಪ್ಪ ತಿರುಗಿ ಬರಲಿಲ್ಲ. ಕೆಲವು ವರ್ಷದ ಮೇಲೆ ಜ್ವರ ಬಂದು ತೀರಿಕೊಂಡನೆಂಬ ಸುದ್ದಿ ಬಂತು. ಅಪ್ಪ ಲಾರಿಯಲ್ಲಿ ಭತ್ತ ಹೇರಿದ, ಬೆಲ್ಲ ಹೇರಿದ, ಕೊನೆಗೆ ಮಾರಿದ.

ಅಜ್ಜಿ ಹಗಲು ಹೊತ್ತು ಅಂಗಳದಲ್ಲಿ ನನ್ನ ತಲೆ ಬಾಚಲು ಕೂತಾಗೆಲ್ಲ ಒಂದೇ ಮಾತು ಕೇಳುತ್ತಿದ್ದಳು. "ಏನಂದ ಗಿರಿಜಿ ಅವ್ನು? ಅವ್ನಂಗೇ ಅನ್ನು." ನಾನು ಅನ್ನುತ್ತಿದ್ದೆ. ಮೊದಮೊದಲು ಆ ಒಡಕು, ಆ ತಡವರಿಕೆ ಎಲ್ಲ ನನ್ನ ಗಂಟಲಲ್ಲಿ ಹಾಗೆಹಾಗೆಯೇ ಬರುತ್ತಿತ್ತು. ಅಜ್ಜಿ ಬಾಚಣಿಗೆಯನ್ನು ನನ್ನ ಕೂದಲಲ್ಲೇ ಬಿಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದಳು. ವರ್ಷಗಟ್ಟಲೆ ಅಂದೆ. ನಾನು ದೊಡ್ಡವಳಾಗಿ ಸೀರೆ ಉಟ್ಟ ಮೇಲೂ ಅಂದೆ. ಒಂದು ದಿನ ಅಂದು ಮುಗಿಸಿದಾಗ ಅಜ್ಜಿ ನನ್ನ ಜಡೆ ಹೆಣೆಯುತ್ತ ಹೇಳಿದಳು. "ಸಾಕು ಬಿಡವ್ವಾ. ಇದು ನಿಂದೇ ದನಿ. ಅವ್ನದು ಹೋತು."

ಈಗ ನನ್ನ ಮೊಮ್ಮಕ್ಕಳು ಸತ್ತವರ ಮಾತನ್ನೂ ಫೋನಿನಲ್ಲಿ ಕಾಪಿಟ್ಟುಕೊಂಡು ಬೇಕಾದಾಗ ಕೇಳುತ್ತಾರೆ. ಚಿಕ್ಕಪ್ಪನ ಆ ಕೊನೆಯ ಮಾತು ಕೇಳಿದವರು ಈ ಲೋಕದಲ್ಲಿ ಇಬ್ಬರೇ ಇದ್ದೆವು. ಅಪ್ಪ ಹೋದ. ಚಿಕ್ಕಪ್ಪ ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೊಮ್ಮೆ ಬಾಯಿಬಿಟ್ಟು ಅಂದು ನೋಡುತ್ತೇನೆ. ಮುದುಕಿಯೊಬ್ಬಳ ದನಿ ಕೇಳುತ್ತದೆ.