ಸದ್ದಿಲ್ಲದ ಆನೆಗಳು

ನನ್ನ ಮೈದುನ ತಿಮ್ಮಪ್ಪನಿಗೆ ದೆವ್ವ ಹಿಡಿದಿರಲಿಲ್ಲ, ತಲೆಯೂ ಕೆಟ್ಟಿರಲಿಲ್ಲ. ಕೆಲಸವಿಲ್ಲದೆ ಕೂತ ಮಿದುಳು ತಾನೇ ಆನೆ ಮಾಡಿ ಅವನಿಗೆ ತೋರಿಸುತ್ತಿತ್ತು, ಅಷ್ಟೇ.

ಮೂರು ವರ್ಷದ ಹಿಂದಿನ ಮಾತು. ಸಾನಮಾವು ಕಾಡಿನ ಅಂಚಿನ ನಮ್ಮ ಊರಲ್ಲಿ ರಾಗಿ ತೆನೆ ಕಟ್ಟಿತೆಂದರೆ ಆನೆ ಕಾವಲು. ಮದುವೆಯಾಗಿ ಬಂದಾಗಿನಿಂದ ಅಟ್ಟಣೆ ಮೇಲೆ ಕೂರುವ ಕೆಲಸ ನನ್ನದು. ತಗಡಿನ ಡಬ್ಬ ಬಡಿದರೆ ಮನೆಗೊಬ್ಬರು ಪಟಾಕಿ ಹಿಡಿದು ಬರಲೇಬೇಕು. ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋದ ಮೇಲೂ ತಿಮ್ಮಪ್ಪ ನನ್ನ ಜೊತೆ ಬಂದು ಕೂರುತ್ತಿದ್ದ.

ಒಂದು ಸಂಜೆ ನಾನು ಕೆಳಗಿಳಿದಿದ್ದಾಗ ಡಬ್ಬ ಬಡಿದ. ಊರೇ ಓಡಿ ಬಂತು. ಆನೆಯಿಲ್ಲ, ಲದ್ದಿಯಿಲ್ಲ, ಒಂದು ತೆನೆಯೂ ಮುರಿದಿಲ್ಲ. ಮಾರನೆಯ ಸಂಜೆಯೂ ಅದೇ.

"ಕುರುಡಂಗೆ ಆನೆ ಕಂಡ್ತಂತೆ, ನಮ್ಗೆ ಕಾಣಕಿಲ್ವಂತೆ!" ಎಂದು ಜನ ನಕ್ಕು ಡಬ್ಬ ಕಿತ್ತುಕೊಂಡರು. ಅವನ ಮಗ ನಾಗರಾಜ ನಗಲಿಲ್ಲ. "ದೊಡ್ಡವ್ವ, ಇದು ಗಾಳಿ. ಶುಕ್ರವಾರ ಮಂತ್ರವಾದಿ ತಾವ ಕರ್ಕೊಂಡೋಯ್ತೀನಿ," ಎಂದ. ಆ ಮಂತ್ರವಾದಿ ಕಣ್ಣಿಗೆ ಮೆಣಸಿನಕಾಯಿ ಹೊಗೆ ಹಾಕುವವನು.

ನನ್ನ ಅನುಮಾನವೇ ಬೇರೆ. ಇವನ ಕಣ್ಣು ಹೋಗಿಯೇ ಇಲ್ಲ, ಕೂತು ಉಣ್ಣಲು ನಾಟಕ. ಬಾಗಿಲಿಗೆ ಅಡ್ಡ ಬಿಂದಿಗೆ ಇಟ್ಟೆ. ಎಡವಿ ಮಂಡಿ ತರಚಿಕೊಂಡ. ಸರಿ, ಕಣ್ಣಿಲ್ಲ. ಹಾಗಾದರೆ ಸುಳ್ಳು?

"ಎಂಥಾ ಆನೆ ಕಣ್ಲಾ?"

"ದೊಡ್ಡದು ಅತ್ಗೆ. ಮೈಮೇಲಿನ ಮಣ್ಣು, ಕಿವಿ ಹರ್ಕು, ಎಲ್ಲಾ ಕಂಡ್ತು. ಕಣ್ಣಿದ್ದಾಗ್ಲೂ ಇಷ್ಟು ಚೆಂದಾಗಿ ಕಂಡಿರ್ನಿಲ್ಲ."

"ತೆನೆ ಮುರಿಯೋ ಸದ್ದು?"

ಅವನು ಯೋಚಿಸಿದ. "ಇಲ್ಲ ಅತ್ಗೆ. ಒಂದು ಸದ್ದೂ ಇಲ್ಲ."

ಸುಳ್ಳು ಹೇಳುವವನಾಗಿದ್ದರೆ ಸದ್ದನ್ನೂ ಸೇರಿಸುತ್ತಿದ್ದ.

ಗುರುವಾರವೇ ಅವನನ್ನು ಕರೆದುಕೊಂಡು ಕೃಷ್ಣಗಿರಿ ಬಸ್ಸು ಹತ್ತಿದೆ. ಅಲ್ಲಿನ ಕಣ್ಣಿನ ಡಾಕ್ಟರು ನನ್ನನ್ನು ತಮ್ಮ ಅಜ್ಜಿಯಂತೆ "ಪಾಟಿ" ಎಂದು ಕರೆದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಮಿದುಳಿನ ಹಿಂಭಾಗದಲ್ಲಿ ನೋಟದ ಜಾಗವೊಂದಿದೆ, ಅದರ ಹೆಸರು ವಿಶುವಲ್ ಕಾರ್ಟೆಕ್ಸ್. ಕಣ್ಣಿನಿಂದ ಏನೂ ಬರದೇಹೋದರೆ ಅದು ಸುಮ್ಮನೆ ಕೂರುವುದಿಲ್ಲ, ತಾನೇ ಚಿತ್ರ ಕಟ್ಟುತ್ತದೆ. ಆ ಚಿತ್ರಗಳಿಗೆ ಸದ್ದಿರುವುದಿಲ್ಲ. ಇದು ಹುಚ್ಚಲ್ಲ.

ಮಾತ್ರೆ ಬರೆಯದ ಡಾಕ್ಟರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಆದರೆ ಸದ್ದಿನ ವಿಷಯ ನಾನು ಅವರಿಗೆ ಹೇಳಿರಲೇ ಇಲ್ಲ.

ಮನೆಗೆ ಬಂದು ನಾಗರಾಜನಿಗೆ ಹೇಳಿದೆ: "ಅಪ್ಪಂಗೆ ಹೊಗೆ ಹಾಕ್ಸುದ್ರೆ ನಿನ್ ಕಣ್ಗೆ ನಾನ್ ಹಾಕ್ತೀನಿ ಕಣ್ಲಾ." ಶುಕ್ರವಾರ ಅವನು ಎಲ್ಲಿಗೂ ಹೊರಡಲಿಲ್ಲ.

ಕಾವಲಿಗೆ ಕಣ್ಣೊಂದನ್ನೇ ನಂಬಬಾರದೆಂದು ನಾನು ಕಲಿತದ್ದು ಹೀಗೆ. ಆ ಶುಕ್ರವಾರ ಸಂಜೆಯೇ ತಿಮ್ಮಪ್ಪನನ್ನು ಅಟ್ಟಣೆ ಹತ್ತಿಸಿ, ಊರವರು ಕಿತ್ತುಕೊಂಡಿದ್ದ ಡಬ್ಬವನ್ನು ಅವನ ತೊಡೆ ಮೇಲಿಟ್ಟೆ.

"ಕಂಡ್ರೆ ಸುಮ್ಕಿರು," ಎಂದೆ. "ಸದ್ದು ಕೇಳುಸುದ್ರೆ ಬಡಿ."